ಡಯಟ್ ಚಾರ್ಟ್ ಬರೆಯುವ ಮೊದಲು ಒಲೆ ಯಾರದು ಅಂತ ಕೇಳಿ

ಕುವೈತ್‌ನಲ್ಲಿ ನಾನು ಆರು ವರ್ಷ ನರ್ಸ್ ಆಗಿದ್ದೆ. ಹೋಗುವಾಗ 58 ಕೆಜಿ ಇದ್ದೆ, ನಾಲ್ಕನೇ ವರ್ಷಕ್ಕೆ 72 ಆದೆ. ನನ್ನ ಎತ್ತರ 152 ಸೆಂಟಿಮೀಟರ್, ಅಂದರೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 31. ಶುಗರ್ ಗಡಿಗೆ ಬಂದು ನಿಂತಿತ್ತು. ಅಲ್ಲಿನ ಒಂದು ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ಎರಡು ನಿಮಿಷ ನೋಡಿ ಒಂದು ಹಾಳೆ ಕೊಟ್ಟರು. ಬೆಳಿಗ್ಗೆ ಎರಡು ಚಮಚ ಲಬ್ನೆ (ಗಟ್ಟಿ ಮೊಸರು), ಅರ್ಧ ಖುಬ್ಜ್ ರೊಟ್ಟಿ, ಐದು ಆಲಿವ್. ಮಧ್ಯಾಹ್ನ ಸುಟ್ಟ ಮೀನು, ಸಲಾಡ್. ಕೆಳಗೆ ದಪ್ಪ ಅಕ್ಷರದಲ್ಲಿ ‘ಅನ್ನ ಬೇಡ’.

ನಾನಿದ್ದದ್ದು ಹಾಸ್ಟೆಲ್‌ನಲ್ಲಿ. ಒಂದು ಕೋಣೆಗೆ ನಾಲ್ಕು ಜನ. ಒಲೆ ಇಡುವ ಹಾಗಿರಲಿಲ್ಲ. ಮೆಸ್ಸಿನಲ್ಲಿ ಅನ್ನ, ಎಣ್ಣೆ ತೇಲುವ ಸಾರು. ನೈಟ್ ಡ್ಯೂಟಿ ಮುಗಿಸಿ ಬಂದರೆ ಉಳಿದಿರುತ್ತಿದ್ದದ್ದು ಪರೋಟ ಮಾತ್ರ. ಆ ಹಾಳೆಯನ್ನು ಮಡಚಿ ಪಾಸ್‌ಪೋರ್ಟ್ ಒಳಗಿಟ್ಟೆ. ಇವತ್ತಿಗೂ ಅಲ್ಲೇ ಇದೆ. ಡಾಕ್ಟರು ಬರೆದದ್ದರಲ್ಲಿ ತಪ್ಪೇನೂ ಇರಲಿಲ್ಲ. ನನಗೆ ಅಡುಗೆ ಮಾಡಿ ಹಾಕುವವರು ಯಾರು ಅಂತ ಮಾತ್ರ ಅವರು ಕೇಳಿರಲಿಲ್ಲ.

ಈಗ ನಾನು ಕುಶಾಲನಗರದ ಕಡೆಯ ಒಂದು ಆರೋಗ್ಯ ಕೇಂದ್ರದಲ್ಲಿ ಮೇಜಿನ ಈಚೆ ಬದಿ ಕೂರುತ್ತೇನೆ. ಆಚೆ ಬದಿ ಅಸ್ಸಾಂ, ಜಾರ್ಖಂಡ್, ಬಂಗಾಳದಿಂದ ಕಾಫಿ ತೋಟಕ್ಕೆ ಬಂದವರು ಕೂರುತ್ತಾರೆ. ರೆಸಾರ್ಟ್ ಅಡುಗೆಮನೆಯ ನೇಪಾಳಿ ಹುಡುಗರು ಬರುತ್ತಾರೆ. ಕಾವೇರಿ ಸೇತುವೆಯ ಆಚೆಗಿನ ಬೈಲಕುಪ್ಪೆಯ ಟಿಬೆಟಿಯನ್ನರೂ ಬರುತ್ತಾರೆ. ಬೈಲಕುಪ್ಪೆ ಮೈಸೂರು ಜಿಲ್ಲೆಗೆ ಸೇರಿದ್ದು, ಅಲ್ಲಿ ಅವರದೇ ಆಸ್ಪತ್ರೆ ಇದೆ. ಆದರೂ ಸಂತೆಗೆ ಅಂತ ಈಚೆ ದಾಟಿದವರು ಬಿಪಿ ನೋಡಿಸಿಕೊಂಡು ಹೋಗುತ್ತಾರೆ. ಹೊಸದಾಗಿ ಡ್ಯೂಟಿಗೆ ಬಂದ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ), ಆಶಾ, ತೋಟದ ಡಿಸ್ಪೆನ್ಸರಿಯವರು ಆಗಾಗ ಫೋನ್ ಮಾಡಿ ಕೇಳುತ್ತಾರೆ, ‘ಸಿಸ್ಟರ್, ಇವರಿಗೆ ತೂಕದ ವಿಷಯ ಹೇಗೆ ಹೇಳೋದು?’ ಅಂತ. ಪ್ರತಿ ಸಲ ಫೋನಲ್ಲಿ ಹೇಳಿ ಸಾಕಾಗಿ ಬರೆದಿದ್ದೇನೆ.

ತೋಟದವರಿಗೆ ಎಲ್ಲಿಯ ಬೊಜ್ಜು ಅನ್ನುವವರಿಗೆ

ಮೊದಲು ಈ ಮಾತು ಮುಗಿಸಿಬಿಡೋಣ. ದಿನಾ ಬೆನ್ನು ಬಗ್ಗಿಸಿ ದುಡಿಯುವವರಿಗೆ ಬೊಜ್ಜು ಬರುವುದಿಲ್ಲ ಅಂತ ನಾನೂ ಅಂದುಕೊಂಡಿದ್ದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಹೆಂಗಸರಲ್ಲಿ ಶೇಕಡ 24, ಗಂಡಸರಲ್ಲಿ ಶೇಕಡ 22.9ರಷ್ಟು ಜನರ ಬಿಎಂಐ 25 ಅಥವಾ ಅದಕ್ಕಿಂತ ಜಾಸ್ತಿ. ಅದು ಪೇಟೆಯವರ ಲೆಕ್ಕ ಮಾತ್ರ ಅಲ್ಲ. ಕುಯ್ಲಿಗೆ ಅಂತ ಬಂದವನು ಎರಡು ವರ್ಷಕ್ಕೆ ಟ್ರ್ಯಾಕ್ಟರ್ ಡ್ರೈವರ್ ಆಗುತ್ತಾನೆ, ಇಲ್ಲವೇ ಹೋಂಸ್ಟೇ ಕಾವಲುಗಾರ ಆಗುತ್ತಾನೆ. ಕೆಲಸ ಕಡಿಮೆಯಾದರೂ ಊಟ ಹಳೆಯ ಅಳತೆಯಲ್ಲೇ ಉಳಿಯುತ್ತದೆ. ಚಿಕ್ಕಂದಿನಲ್ಲಿ ಹಸಿದು ಬೆಳೆದ ಮೈಗೆ ಕೊಬ್ಬು ಹೊಟ್ಟೆಯ ಸುತ್ತವೇ ಬೇಗ ಕೂರುತ್ತದೆ. ಕೈಕಾಲು ಕಡ್ಡಿ, ಹೊಟ್ಟೆ ಮಡಕೆ. ಇಂಥವರನ್ನು ಕಣ್ಣಳತೆಯಲ್ಲಿ ನೋಡಿ ‘ತೆಳ್ಳಗಿದ್ದಾರೆ’ ಅಂತ ಕಳಿಸಿಬಿಡುತ್ತೇವೆ.

ಪುಣೆಯ ಡಾಕ್ಟರ್ ಯಾಜ್ಞಿಕ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿ ಇದನ್ನು ತೋರಿಸಿಕೊಟ್ಟರು. ಪಕ್ಕದಲ್ಲಿ ಇಂಗ್ಲೆಂಡಿನ ಡಾಕ್ಟರ್ ಯುಡ್ಕಿನ್ ಫೋಟೋ. ಇಬ್ಬರ ಬಿಎಂಐಯೂ 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇಕಡ 9.1, ಯಾಜ್ಞಿಕ್ ಮೈಯಲ್ಲಿ ಶೇಕಡ 21.2. ನಾನು ಟ್ರೇನಿಂಗ್ ಕೊಡುವಾಗ ಇದನ್ನೇ ಮೊದಲು ಹೇಳುತ್ತೇನೆ. ಬಿಎಂಐ 30 ದಾಟಲಿ ಅಂತ ಕಾಯಬೇಡಿ. ನಮ್ಮವರಿಗೆ 23ಕ್ಕೇ ಎಚ್ಚರ, 25ಕ್ಕೆ ಬೊಜ್ಜು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರ.

ಅಳೆಯುವುದು

ನಮ್ಮ ಕೇಂದ್ರದಲ್ಲಿ ಮೊದಲು ತೂಕದ ಮೆಷಿನ್ ಬಾಗಿಲಲ್ಲೇ ಇತ್ತು. ತೂಗಿದವರು ಸಂಖ್ಯೆಯನ್ನು ಒಳಗಿದ್ದವರಿಗೆ ಕೂಗಿ ಹೇಳಬೇಕಿತ್ತು. ಸಾಲಲ್ಲಿ ನಿಂತವರು ‘ಓಹೋ’ ಅನ್ನುತ್ತಿದ್ದರು. ಒಮ್ಮೆ ಕೂಗಿಸಿಕೊಂಡವರು ಮತ್ತೆ ಬರುತ್ತಿರಲಿಲ್ಲ. ಈಗ ಮೆಷಿನ್ ಪರದೆಯ ಹಿಂದೆ ಇದೆ. ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಅವರಿಗೆ ಮಾತ್ರ ತೋರಿಸುತ್ತೇವೆ. ಕೈ ಇರುವ ಪ್ಲಾಸ್ಟಿಕ್ ಕುರ್ಚಿಗಳನ್ನು ತೆಗೆದು ಬೆಂಚು ಹಾಕಿದ್ದೇವೆ. ಕುರ್ಚಿಯಲ್ಲಿ ಸಿಕ್ಕಿಕೊಂಡು ಎದ್ದವರ ಮುಖ ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ.

ಸುತ್ತಳತೆಯನ್ನು ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲ್ತುದಿ, ಇವೆರಡರ ನಡುಮಧ್ಯೆ ಅಳೆಯಬೇಕು. ಮಾಮೂಲಿಯಾಗಿ ಉಸಿರು ಬಿಟ್ಟ ಮೇಲೆ. ಟಿಬೆಟಿಯನ್ ಹೆಂಗಸರ ಉದ್ದ ಉಡುಪು ಛೂಪಾ ಸೊಂಟದಲ್ಲಿ ಮಡಿಕೆ ಮಡಿಕೆಯಾಗಿ ಕಟ್ಟಿರುತ್ತದೆ. ಅದರ ಮೇಲೆ ಟೇಪ್ ಹಾಕಿದರೆ ಬಟ್ಟೆಯನ್ನೇ ಅಳೆದ ಹಾಗೆ. ಕೇಳಿ, ಒಳಗೆ ಕರೆದುಕೊಂಡು ಹೋಗಿ, ಹೆಂಗಸೇ ಅಳೆಯಲಿ. ಸನ್ಯಾಸಿಗಳಿಗೆ ಗಂಡಸು ಸಿಬ್ಬಂದಿ ಅಳೆದರೆ ಸರಿ. ಗಂಡಸು ಇಲ್ಲದ ದಿನ ನಾನು ಟೇಪನ್ನು ಅವರ ಕೈಗೇ ಕೊಟ್ಟು ಎಲ್ಲಿ ಹಿಡಿಯಬೇಕು ಅಂತ ನನ್ನ ಸೊಂಟದ ಮೇಲೆ ತೋರಿಸುತ್ತೇನೆ. ನನ್ನದು ದೊಡ್ಡ ಸೊಂಟವೇ ಆದ್ದರಿಂದ ಅವರಿಗೂ ಸಂಕೋಚ ಕಡಿಮೆಯಾಗುತ್ತದೆ.

ಬಿಪಿ ಪಟ್ಟಿಯ ಬಗ್ಗೆ ಒಂದು ಮಾತು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಸುಳ್ಳೇ ಜಾಸ್ತಿ ತೋರಿಸುತ್ತದೆ. 2023ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನವರು ಅಳೆದು ನೋಡಿದ್ದಾರೆ. ಅತಿ ದೊಡ್ಡ ಪಟ್ಟಿ ಬೇಕಾದವರಿಗೆ ಮಾಮೂಲಿ ಪಟ್ಟಿ ಕಟ್ಟಿದಾಗ ಮೇಲಿನ ಬಿಪಿ ಸುಮಾರು 20ರಷ್ಟು ಹೆಚ್ಚು ಬಂತಂತೆ. ಅಷ್ಟರಲ್ಲಿ ಒಂದು ಮಾತ್ರೆ ಸುಮ್ನೆ ಸೇರಿಬಿಡುತ್ತದೆ. ತೋಳಿನ ಸುತ್ತಳತೆ 34 ಸೆಂಟಿಮೀಟರ್ ದಾಟಿದರೆ ದೊಡ್ಡ ಪಟ್ಟಿ ತೆಗೆಯಿರಿ. ಇಲ್ಲದಿದ್ದರೆ ಇಂಡೆಂಟ್ (ಬೇಡಿಕೆ ಪತ್ರ) ಹಾಕಿ, ಮತ್ತೆ ಮತ್ತೆ ಹಾಕಿ. ನನಗೆ ಬರಲು ಹನ್ನೊಂದು ತಿಂಗಳಾಯಿತು.

ಮಾತು ತೆಗೆಯುವುದು

ನಮ್ಮಲ್ಲಿ ‘ಮೈಕೈ ತುಂಬಿಕೊಂಡಿದ್ದೀಯ’ ಅಂದರೆ ಹೊಗಳಿಕೆ. ‘ಇಳಿದು ಹೋಗಿದ್ದೀಯಲ್ಲೇ’ ಅಂದರೆ ಮರುಕ. ಅವರಲ್ಲೂ ಹಾಗೇ. ಜಾರ್ಖಂಡಿನ ಒಬ್ಬಾಕೆಗೆ ನಾನು ಎಂಟು ಕೆಜಿ ಇಳಿಸಿ ಅಂದಿದ್ದೆ. ಅವಳು ಹೇಳಿದ ಮಾತು ಇದು: ‘ದೀದಿ, ಇಷ್ಟು ದೂರ ದುಡಿಯಲಿಕ್ಕೆ ಬಂದು ಸಣ್ಣ ಆಗಿ ಊರಿಗೆ ಹೋದರೆ ಅಮ್ಮ ಅಳ್ತಾಳೆ. ಊರವರು ಟಿಬಿ ಅಂತಾರೆ.’ ಊರಿಗೆ ಹಣ ಕಳಿಸುವವರಿಗೆ ತುಂಬಿದ ಕೆನ್ನೆಯೇ ಸಾಕ್ಷಿ. ಕುವೈತ್‌ನಿಂದ ರಜೆಗೆ ಬಂದಾಗ ನನ್ನ 72 ಕೆಜಿ ನೋಡಿ ನನ್ನ ಅತ್ತೆ ಖುಷಿಪಟ್ಟಿದ್ದರು, ‘ಈಗ ಒಂದು ಲಕ್ಷಣ ಬಂತು’ ಅಂತ.

ಹಾಗಾಗಿ ನಾನು ‘ಸಣ್ಣ ಆಗಿ’ ಅನ್ನುವುದನ್ನೇ ಬಿಟ್ಟೆ. ಹಿಂದಿಯಲ್ಲಿ ‘ಮೋಟಾ’ ಅನ್ನುವುದಿಲ್ಲ, ‘ವಜನ್’ ಅನ್ನುತ್ತೇನೆ. ಅದಕ್ಕೂ ಮೊದಲು ಕೇಳುತ್ತೇನೆ, ‘ಇವತ್ತು ತೂಕದ ಬಗ್ಗೆ ಮಾತಾಡಬಹುದಾ, ಇನ್ನೊಂದು ದಿನ ಮಾತಾಡೋಣವಾ?’ ಇನ್ನೊಂದು ದಿನ ಅಂದರೆ ಇನ್ನೊಂದು ದಿನವೇ. ಮಂಡಿನೋವಿಗೆ ಬಂದವರಿಗೆ ಮೊದಲು ಮಂಡಿ ನೋಡಿ. ಬಾಗಿಲು ದಾಟುವ ಮೊದಲೇ ‘ತೂಕ ಇಳಿಸಿ, ಎಲ್ಲಾ ಸರಿ ಹೋಗುತ್ತೆ’ ಅಂದರೆ ನಾವು ಮಂಡಿಯನ್ನೂ ನೋಡಲಿಲ್ಲ, ಮನುಷ್ಯರನ್ನೂ ನೋಡಲಿಲ್ಲ.

ಗುರಿಯನ್ನೂ ಚಿಕ್ಕದು ಮಾಡಿ. 80 ಕೆಜಿಯವರು 4 ಕೆಜಿ ಇಳಿಸಿದರೂ, ಅಂದರೆ ನೂರಕ್ಕೆ ಐದು, ಶುಗರ್, ಬಿಪಿಯಲ್ಲಿ ಗುಣ ಕಾಣುತ್ತದೆ. ಕೆನ್ನೆ ಕೆನ್ನೆಯ ಹಾಗೇ ಇರುತ್ತದೆ, ಪ್ಯಾಂಟಿನ ಹುಕ್ಕು ಸಲೀಸಾಗಿ ಬೀಳುತ್ತದೆ ಅಂದರೆ ನಗುತ್ತಾರೆ, ಒಪ್ಪುತ್ತಾರೆ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಲೈನ್ ಮನೆಯ (ತೋಟದ ಕೆಲಸದವರ ಸಾಲುಮನೆಯ) ಒಬ್ಬ ಶುಗರ್ ಪೇಷೆಂಟ್ ಮೂರು ತಿಂಗಳಲ್ಲಿ ಆರು ಕೆಜಿ ಇಳಿದು ಬಂದ. ನಾನು ಎಲ್ಲರೆದುರು ಚಪ್ಪಾಳೆ ತಟ್ಟಿದೆ. ಅವನೂ ನಕ್ಕ. ಮುಂದಿನ ಸಲ ಆಶಾ ಅವನನ್ನು ಹಿಡಿದುಕೊಂಡು ಬಂದಳು. ಕೆಮ್ಮು ಐದು ವಾರದಿಂದ ಇತ್ತು, ಕಫ ಪರೀಕ್ಷೆ ಮಾಡಿಸಿದರೆ ಟಿಬಿ. ಶುಗರ್ ಇರುವವರಿಗೆ ಟಿಬಿ ಬರುವ ಸಾಧ್ಯತೆ ಬೇರೆಯವರಿಗಿಂತ ಎರಡು ಮೂರು ಪಟ್ಟು ಜಾಸ್ತಿ ಅಂತ ಪುಸ್ತಕದಲ್ಲಿ ಓದಿದ್ದವಳೇ ನಾನು. ಈಗ ತೂಕ ಇಳಿದವರನ್ನು ಹೊಗಳುವ ಮೊದಲು ಕೇಳುತ್ತೇನೆ, ‘ನೀವು ಇಳಿಸಿದ್ದಾ, ತಾನಾಗಿ ಇಳಿದದ್ದಾ? ಕೆಮ್ಮು, ರಾತ್ರಿ ಬೆವರು, ಜ್ವರ ಇದೆಯಾ?’

ಯಾರ ಬಾಯಲ್ಲಿ ಕೇಳುತ್ತೀರಿ

‘ಹಿಂದಿ ಬರುತ್ತೆ’ ಅಂತ ಎಲ್ಲರೂ ಹೇಳುತ್ತಾರೆ. ಅದು ಸಂತೆಯ ಹಿಂದಿ. ಕೂಲಿ, ಕಿಲೋ, ಕಿತ್ನಾ. ಮನೆಯಲ್ಲಿ ಸಾದ್ರಿಯೋ, ಬಂಗಾಳಿಯೋ, ಬೋಡೋ ಭಾಷೆಯೋ. ಮುಟ್ಟಿನ ವಿಷಯ, ಮಲಬದ್ಧತೆ, ಬೇಜಾರಿಗೆ ತಿನ್ನುವುದು, ಇವೆಲ್ಲ ಸಂತೆಯ ಹಿಂದಿಯಲ್ಲಿ ಬರುವುದಿಲ್ಲ.

ತೋಟದ ರೈಟರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾತಾಡಿಸಬೇಡಿ. ಅವರು ಒಳ್ಳೆಯವರೇ ಇರಬಹುದು. ಆದರೆ ಹಾಜರಿ ಬರೆಯುವವರ ಎದುರು ‘ಸುಸ್ತಾಗುತ್ತೆ, ಹತ್ತಲಾಗುವುದಿಲ್ಲ’ ಅಂತ ಯಾರು ಹೇಳುತ್ತಾರೆ? ಕೆಲಸ ಹೋಗುತ್ತದೆ ಅನ್ನುವ ಭಯ. ಮಕ್ಕಳೂ ಬೇಡ. ಇಲ್ಲಿನ ಶಾಲೆಗೆ ಹೋಗುವ ಮಗಳಿಗೆ ಚೆನ್ನಾಗಿ ಕನ್ನಡ ಬರುತ್ತದೆ ಅಂತ ಹನ್ನೆರಡು ವರ್ಷದ ಹುಡುಗಿಯನ್ನು ನಡುವೆ ಕೂರಿಸಿದ್ದೆ. ಮುಟ್ಟು ಎಷ್ಟು ದಿನಕ್ಕೆ ಆಗುತ್ತದೆ ಅಂತ ಕೇಳು ಅಂದೆ. ಹುಡುಗಿ ನೆಲ ನೋಡಿದಳು, ತಾಯಿ ಗೋಡೆ ನೋಡಿದಳು.

ಈಗ ನಮ್ಮಲ್ಲಿ ನಾಲ್ಕು ಜನ ದುಭಾಷಿಗಳಿದ್ದಾರೆ, ಎಲ್ಲರೂ ಹೆಂಗಸರು. ಇಲ್ಲಿಯೇ ಹತ್ತು ವರ್ಷದಿಂದ ನೆಲೆಸಿದ ಅಸ್ಸಾಮಿನ ಒಬ್ಬರು ಅವರ ಪೈಕಿ. ನಂಬರ್ ಗೋಡೆಯ ಮೇಲಿದೆ. ಸ್ಪೀಕರ್ ಹಾಕಿ, ರೋಗಿಯ ಹೆಸರು ಹೇಳದೆ ಕೇಳುತ್ತೇವೆ. ಮಾತಾಡುವಾಗ ಫೋನ್ ನೋಡಬೇಡಿ, ರೋಗಿಯ ಮುಖ ನೋಡಿ. ಕೊನೆಗೆ ‘ಅರ್ಥ ಆಯ್ತಾ?’ ಅಂತ ಕೇಳಬೇಡಿ. ಎಲ್ಲರೂ ‘ಹ್ಞೂಂ’ ಅನ್ನುತ್ತಾರೆ, ಕುವೈತ್‌ನಲ್ಲಿ ನಾನೂ ಅಂದಿದ್ದೆ. ‘ಮನೆಗೆ ಹೋಗಿ ನಿಮ್ಮ ಯಜಮಾನರಿಗೆ ಏನು ಹೇಳ್ತೀರಿ, ನನಗೆ ಹೇಳಿ ನೋಡೋಣ’ ಅನ್ನಿ. ತಪ್ಪು ಹೇಳಿದರೆ ನಾವು ಹೇಳಿಕೊಟ್ಟದ್ದು ಸರಿಯಿಲ್ಲ ಅಂತ ಲೆಕ್ಕ.

ಕರೆಯುವುದೂ ಮುಖ್ಯ. ವಯಸ್ಸಾದ ಟಿಬೆಟಿಯನ್ ಹೆಂಗಸರು ‘ಅಮಾ-ಲಾ’, ಗಂಡಸರು ‘ಪಾ-ಲಾ’. ಆ ‘ಲಾ’ ನಮ್ಮ ‘ಅವರೇ’ ಇದ್ದ ಹಾಗೆ. ಹೆಸರು ಮಾತ್ರ ಕೂಗಿದರೆ ನಮ್ಮೂರ ಅಜ್ಜಿಯನ್ನು ಏಕವಚನದಲ್ಲಿ ಕರೆದಂತೆ.

ಒಲೆ, ಪಾತ್ರೆ, ಪ್ಯಾಕೆಟ್

ಈಗ ಮುಖ್ಯ ವಿಷಯಕ್ಕೆ ಬಂದೆ. ನಾನು ಡಯಟ್ ಚಾರ್ಟ್ ಕೊಡುವುದಿಲ್ಲ. ಮೊದಲ ಭೇಟಿಯಲ್ಲಿ ಕೇಳಿ ಬರೆದುಕೊಳ್ಳುವುದು ಮಾತ್ರ. ಒಲೆ ಯಾರದು? ಅಡುಗೆ ಯಾರು ಮಾಡುತ್ತಾರೆ, ಎಷ್ಟು ಹೊತ್ತಿಗೆ, ಎಷ್ಟು ಜನಕ್ಕೆ? ಸಾಮಾನು ಯಾರು ತರುತ್ತಾರೆ, ಯಾವ ಅಂಗಡಿಯಿಂದ, ಸಾಲವೋ ನಗದೋ? ಕೂಲಿ ಕೈಗೆ ಬರುವ ದಿನ ಯಾವುದು?

ಎಂಟು ಹುಡುಗರು ಒಂದೇ ಲೈನ್ ಮನೆಯಲ್ಲಿದ್ದರೆ ಸರದಿಯಲ್ಲಿ ಅಡುಗೆ ಆಗುತ್ತದೆ. ಅವರಲ್ಲಿ ಒಬ್ಬನಿಗೆ ಮಾತ್ರ ‘ಎಣ್ಣೆ ಕಡಿಮೆ ಮಾಡು’ ಅಂದರೆ ಅವನೇನು ಮಾಡಬೇಕು? ಹಾಗಿದ್ದಾಗ ಎಂಟೂ ಜನರನ್ನು ಕೂರಿಸಿ ಮಾತಾಡಬೇಕು, ಇಲ್ಲವೇ ಅವನ ಕೈಯಲ್ಲಿರುವುದನ್ನು ಹುಡುಕಬೇಕು. ತಟ್ಟೆಗೆ ಎರಡನೇ ಸಲ ಅನ್ನ ಹಾಕಿಕೊಳ್ಳುವುದು, ಟೀಗೆ ಸಕ್ಕರೆ, ಸಂಜೆಯ ಪ್ಯಾಕೆಟ್. ರೆಸಾರ್ಟ್ ಹುಡುಗರದು ಬೇರೆ ಕಥೆ. ಅತಿಥಿಗಳದ್ದೆಲ್ಲ ಮುಗಿದ ಮೇಲೆ ರಾತ್ರಿ ಹನ್ನೊಂದಕ್ಕೆ ಉಳಿದ ಬಫೆ. ಬೆಣ್ಣೆ ನಾನ್, ಗುಲಾಬ್ ಜಾಮೂನು. ದುಡ್ಡು ಕೊಡದೆ ಸಿಗುವ ಊಟವನ್ನು ಬಿಡು ಅನ್ನಲು ನನಗೆ ಬಾಯಿ ಬರುವುದಿಲ್ಲ. ಸಂಜೆ ಆರಕ್ಕೆ ಎರಡು ಬೇಯಿಸಿದ ಮೊಟ್ಟೆ ತಿಂದುಬಿಡು, ಹನ್ನೊಂದಕ್ಕೆ ಅಷ್ಟು ಹಸಿವು ಇರುವುದಿಲ್ಲ ಅಂತ ಹೇಳುತ್ತೇನೆ.

ಎಣ್ಣೆಯನ್ನು ಚಮಚದಲ್ಲಿ ಕೇಳಬೇಡಿ, ಯಾರಿಗೂ ಲೆಕ್ಕ ಇರುವುದಿಲ್ಲ. ತಿಂಗಳಿಗೆ ಎಷ್ಟು ಪ್ಯಾಕೆಟ್, ಎಷ್ಟು ಜನ ಅಂತ ಕೇಳಿ. ಒಬ್ಬರಿಗೆ ತಿಂಗಳಿಗೆ ಒಂದು ಲೀಟರ್ ಅಂದರೆ ದಿನಕ್ಕೆ ಸುಮಾರು 30 ಗ್ರಾಂ, 270 ಕ್ಯಾಲೊರಿ ಎಣ್ಣೆಯಿಂದಲೇ. ಅದನ್ನು ಅರ್ಧ ಲೀಟರಿನ ಹತ್ತಿರ ತರಲು ನೋಡುತ್ತೇವೆ. ಸಾಸಿವೆ ಎಣ್ಣೆ ಬಿಡಿ ಅಂತ ಹೇಳಬೇಡಿ. ಅದು ಅವರ ಊರಿನ ವಾಸನೆ. ಅಳತೆ ಕಡಿಮೆ ಮಾಡಿದರೆ ಸಾಕು.

ಟೀ ವಿಷಯದಲ್ಲಿ ನಾವೆಲ್ಲ ಎಡವುತ್ತೇವೆ. ‘ಸಕ್ಕರೆ ಎಷ್ಟು?’ ಅಂತ ಮಾತ್ರ ಕೇಳುತ್ತೇವೆ. ಅಸ್ಸಾಮಿನ ಟೀ ತೋಟಗಳಿಂದ ಬಂದವರಲ್ಲಿ ಉಪ್ಪು ಹಾಕಿದ ಟೀ ಕುಡಿಯುವವರಿದ್ದಾರೆ. ಟಿಬೆಟಿಯನ್ನರ ಬೆಣ್ಣೆ ಟೀಯಲ್ಲೂ ಉಪ್ಪೇ. ‘ಸಕ್ಕರೆ ಹಾಕಲ್ಲ’ ಅಂತ ಅವರು ಸತ್ಯವನ್ನೇ ಹೇಳುತ್ತಾರೆ, ನಾವು ‘ವೆರಿ ಗುಡ್’ ಅಂತ ಕಳಿಸುತ್ತೇವೆ. ಬಿಪಿ ಇಳಿಯುವುದಿಲ್ಲ. ದಿನಕ್ಕೆ ಎಲ್ಲಾ ಸೇರಿ ಉಪ್ಪು 5 ಗ್ರಾಂ ಒಳಗಿರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಟೇಬಲ್ ಚಮಚ ಬೆಣ್ಣೆಯಲ್ಲಿ ಸುಮಾರು 100 ಕ್ಯಾಲೊರಿ. ಹಿಮದಲ್ಲಿ ಯಾಕ್ ಕಾಯುವವರಿಗೆ ಅದು ಬೇಕಿತ್ತು. 1961ರಲ್ಲಿ ಬೈಲಕುಪ್ಪೆಗೆ ಬಂದು ಕಾಡು ಕಡಿದು ಹೊಲ ಮಾಡಿದ ಮೊದಲ ತಲೆಮಾರಿಗೂ ಬೇಕಿತ್ತೇನೋ. ಸ್ವೆಟರ್ ಅಂಗಡಿಯಲ್ಲಿ ಕೂತು ವ್ಯಾಪಾರ ಮಾಡುವವರಿಗೆ ಆರು ಬಟ್ಟಲು ಜಾಸ್ತಿ ಅಲ್ವಾ? ಬಿಡಿ ಅನ್ನುವುದಿಲ್ಲ. ಬೆಳಿಗ್ಗೆಯ ಒಂದು ಬಟ್ಟಲು ಪೂರ್ತಿ ಅವರ ಪದ್ಧತಿಯ ಹಾಗೇ, ಉಳಿದವು ಕಪ್ಪು ಟೀ. ಈ ಒಪ್ಪಂದಕ್ಕೆ ಬಂದವರು ಸುಮಾರು ಜನ.

ಒಬ್ಬ ಅಮಾ-ಲಾಗೆ ಎಲ್ಲೋ ಒಂದು ಆಸ್ಪತ್ರೆಯಲ್ಲಿ ರಾಗಿ ಮುದ್ದೆ ತಿನ್ನಿ ಅಂದಿದ್ದರು. ಪಾಪ, ಆಕೆ ಎರಡು ತಿಂಗಳು ಮುದ್ದೆ ಅಗಿದಿದ್ದಾರೆ. ಅಗಿಯಬಾರದು, ನುಂಗಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ. ಹಲ್ಲಿಗೆ ಅಂಟಿ, ಬೇಜಾರಾಗಿ, ಮೈದಾ ಬ್ರೆಡ್ಡಿಗೆ ಹೋದರು. ಮನೆಯಲ್ಲಿ ತ್ಸಂಪಾ ಡಬ್ಬಿ ತುಂಬಿತ್ತು! ಹುರಿದ ಬಾರ್ಲಿಯ ಹಿಟ್ಟು ಅದು, ನಾರು ಚೆನ್ನಾಗಿದೆ, ಹೊಟ್ಟೆ ತುಂಬ ಹೊತ್ತು ನಿಲ್ಲುತ್ತದೆ. ಕೈಯಲ್ಲಿ ಕಲಸಿ ಉಂಡೆ ಮಾಡಿ ತಿನ್ನುವ ಅವರ ಮುದ್ದೆಯೇ ಅದು. ನಮ್ಮ ಮುದ್ದೆಯ ಅಭಿಮಾನದಲ್ಲಿ ಅವರದನ್ನು ಬಿಡಿಸಿದ್ದೆವು. ತ್ಸಂಪಾಕ್ಕೆ ಬೆಣ್ಣೆ ಕಡಿಮೆ ಮಾಡಿ, ಮೋಮೋ, ಟಿಂಗ್ಮೋದಂಥ ಮೈದಾ ತಿಂಡಿ ವಾರಕ್ಕೆ ಎರಡು ಸಲ ಅಂತ ಮಾತಾಯಿತು. ಅದು ನಡೆಯುತ್ತಿದೆ.

ತೋಟದವರ ವಿಷಯದಲ್ಲಿ ನನಗೆ ಬಾಗಿಲು ತೆರೆದದ್ದು ತೆರ್ಮೆ ತೊಪ್ಪು. ಮಳೆಗಾಲದಲ್ಲಿ ತೋಡಿನ ಬದಿ ಸುರುಳಿ ಸುತ್ತಿಕೊಂಡು ಬರುವ ಜರಿಗಿಡದ ಚಿಗುರು ಇದೆಯಲ್ಲ, ಕೊಡಗಿನವರು ಪಲ್ಯ ಮಾಡುತ್ತೇವೆ. ಒಂದು ಜುಲೈಯಲ್ಲಿ ಲೈನ್ ಮನೆಗೆ ಹೋದಾಗ ಅಸ್ಸಾಮಿನ ಹೆಂಗಸು ಅದನ್ನೇ ಕುಯ್ದು ತಂದು ಸೋಸುತ್ತಿದ್ದಳು. ‘ಢೇಕಿಯಾ’ ಅಂದಳು. ನಾನು ‘ತೆರ್ಮೆ’ ಅಂದೆ. ಇಬ್ಬರೂ ನಕ್ಕೆವು. ಆಮೇಲೆ ಪಟ್ಟಿ ಬೆಳೆಯಿತು. ನಮ್ಮ ಕಣಿಲೆ, ಅಂದರೆ ಎಳೆ ಬಿದಿರು, ಅವರಲ್ಲೂ ಇದೆ. ನಮ್ಮ ಕೆಸುವಿನ ಸೊಪ್ಪು, ಕೊಡವರ ಕೆಂಬು, ಅವರ ಕೊಸು. ಹುಳಿ ಹಾಕಿದ ಮೀನು ಸಾರು ಅವರ ಟೆಂಗಾ, ಎಣ್ಣೆ ಹೆಚ್ಚು ಬೇಡದ ಅಡುಗೆ. ಇಷ್ಟೆಲ್ಲ ಇರುವಾಗ ಓಟ್ಸ್, ಬ್ರೊಕೊಲಿ ಅಂತ ಬರೆದ ಪ್ರಿಂಟೆಡ್ ಹಾಳೆ ಯಾಕೆ? ತಟ್ಟೆಯ ಅರ್ಧ ಸೊಪ್ಪು ತರಕಾರಿ, ಕಾಲು ಭಾಗ ಅನ್ನ, ಕಾಲು ಭಾಗ ಬೇಳೆಯೋ ಮೀನೋ ಮೊಟ್ಟೆಯೋ. ಇದನ್ನು ಅವರ ತಟ್ಟೆಯ ಮೇಲೆ ಬೆರಳಲ್ಲಿ ಗೆರೆ ಎಳೆದು ತೋರಿಸಿ, ಓದಲು ಬರಬೇಕಾಗಿಲ್ಲ. ಆಲೂಗಡ್ಡೆಯನ್ನು ತರಕಾರಿ ಅಂತ ಲೆಕ್ಕ ಹಿಡಿಯುತ್ತಾರೆ. ಅನ್ನದ ಕಡೆ ಸೇರಿಸಿ ಅಂತ ಹೇಳಿ.

ಕೆಸುವಿನ ಎಲೆ ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತದೆ, ಕಣಿಲೆಯನ್ನು ನೆನೆಸಿ ನೀರು ಚೆಲ್ಲದೆ ತಿನ್ನಬಾರದು. ಇದನ್ನು ಅವರಿಗೆ ಹೇಳಲು ಹೋದರೆ ನಿಮಗೇ ಪಾಠ ಹೇಳುತ್ತಾರೆ.

ಕುಡಿತದ ಬಗ್ಗೆ ಮುಖ ಸಿಂಡರಿಸದೆ ಕೇಳಿ. ಕೊಡಗಿನಲ್ಲಿ ಕೂತು ಬೇರೆಯವರ ಕುಡಿತಕ್ಕೆ ಉಪದೇಶ ಮಾಡುವ ಮುಖ ನಮಗಿಲ್ಲ. ಒಂದು ಕ್ವಾರ್ಟರ್ ವಿಸ್ಕಿಯಲ್ಲಿ 400ಕ್ಕೂ ಜಾಸ್ತಿ ಕ್ಯಾಲೊರಿ ಇದೆ, ಜೊತೆಗೆ ಮಿಕ್ಸ್ಚರ್ ಬೇರೆ. ಈ ಲೆಕ್ಕ ಹೇಳಿದರೆ ಹುಡುಗರು ಕೇಳುತ್ತಾರೆ, ಬೈದರೆ ಕೇಳುವುದಿಲ್ಲ.

ನಡೆಯಿರಿ ಅನ್ನುವ ಮೊದಲು ಆನೆ ಎಲ್ಲಿದೆ ನೋಡಿ

‘ಬೆಳಿಗ್ಗೆ ಐದೂವರೆಗೆ ಎದ್ದು ಅರ್ಧ ಗಂಟೆ ನಡೆಯಿರಿ.’ ಬೆಂಗಳೂರಿನಿಂದ ಕ್ಯಾಂಪಿಗೆ ಬಂದ ಡಾಕ್ಟರೊಬ್ಬರು ಸಿದ್ದಾಪುರ ಕಡೆಯ ತೋಟದಲ್ಲಿ ಹೀಗೆ ಹೇಳಿದರು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಆ ಹೊತ್ತಿನಲ್ಲಿ ರಸ್ತೆಗೆ ಇಳಿಯುವುದು ಆನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಜಿಗಣೆ. ತೋಟದ ಕೆಲಸದವರಿಗೆ ಬೇರೆ ವಾಕಿಂಗ್ ಬೇಕಾಗಿಯೂ ಇಲ್ಲ. ಕೂತು ಕೆಲಸ ಮಾಡುವವರಿಗೆ, ಮನೆಯಲ್ಲೇ ಇರುವ ಹೆಂಗಸರಿಗೆ ಕಣದ ಸುತ್ತ, ಹಗಲು ಹೊತ್ತಿನಲ್ಲಿ, ಇಬ್ಬರು ಮೂವರು ಒಟ್ಟಿಗೆ ಅಂತ ಹೇಳುತ್ತೇನೆ.

ಟಿಬೆಟಿಯನ್ ಹಿರಿಯರು ದೇವಸ್ಥಾನದ ಸುತ್ತ ಪ್ರದಕ್ಷಿಣೆ ಹಾಕುತ್ತಾರೆ, ಅವರು ಕೋರಾ ಅನ್ನುತ್ತಾರೆ. ಎಷ್ಟು ಸುತ್ತು ಅಂತ ಕೇಳಿ, ಎರಡು ಸೇರಿಸಿ. ಮಂಡಿ ಸವೆದವರು ದೀರ್ಘದಂಡ ನಮಸ್ಕಾರ ಹಾಕುತ್ತಿದ್ದರೆ ‘ನಿಲ್ಲಿಸಿ’ ಅನ್ನಬೇಡಿ. ಎಷ್ಟು ಹಾಕುತ್ತಾರೆ, ಮಂಡಿಗೆ ಏನು ಹಾಸಿಕೊಳ್ಳುತ್ತಾರೆ ಕೇಳಿ, ಡಾಕ್ಟರಿಗೂ ಹೇಳಿ.

ಉಪವಾಸ, ಬೇರೆ ಔಷಧಿ

ಅವರವರ ಹಬ್ಬ, ವ್ರತಗಳ ಕ್ಯಾಲೆಂಡರ್ ಇಟ್ಟುಕೊಳ್ಳಿ. ರಂಜಾನ್, ಟಿಬೆಟಿಯನ್ನರ ಲೋಸಾರ್, ಸಾಗಾ ದಾವಾ, ಜಾರ್ಖಂಡಿನವರ ಕರಮ್, ದುರ್ಗಾಪೂಜೆ. ಟಿಬೆಟಿಯನ್ನರಲ್ಲಿ ನ್ಯುಂಗ್ನೆ ಅಂತ ಒಂದು ವ್ರತ ಇದೆ, ಎರಡನೇ ದಿನ ನೀರನ್ನೂ ಮುಟ್ಟುವುದಿಲ್ಲ. ಶುಗರ್‌ಗೆ ಗ್ಲಿಮೆಪಿರೈಡ್‌ನಂಥ ಮಾತ್ರೆಯೋ ಇನ್ಸುಲಿನ್ನೋ ತೆಗೆದುಕೊಳ್ಳುವವರು ಅದೇ ಡೋಸ್ ಹಾಕಿಕೊಂಡು ಉಪವಾಸ ಕೂತರೆ ಶುಗರ್ ಕುಸಿದು ಬೀಳುತ್ತಾರೆ. ಒಬ್ಬರನ್ನು ಬೆವರಿನಲ್ಲಿ ತೊಯ್ದ ಸ್ಥಿತಿಯಲ್ಲಿ ಆಟೋದಲ್ಲಿ ತಂದಿದ್ದರು. ‘ವ್ರತ ಮಾಡ್ತೀರಾ?’ ಅಂತ ನಾನು ಮೊದಲೇ ಕೇಳಬೇಕಿತ್ತು. ಒಂದು ತಿಂಗಳು ಮುಂಚೆಯೇ ಕೇಳಿ ಡಾಕ್ಟರ ಹತ್ತಿರ ಕಳಿಸಿ, ಡೋಸ್ ಅವರು ನಿರ್ಧರಿಸಲಿ. ಶುಗರ್ 70ಕ್ಕಿಂತ ಕೆಳಗೆ ಹೋದರೆ ವ್ರತ ಮುರಿದು ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಯಬೇಕು. ಇದನ್ನು ಅವರ ಲಾಮಾ ಅಥವಾ ಮೌಲ್ವಿಯ ಬಾಯಲ್ಲಿ ಹೇಳಿಸಿದರೆ ನಮ್ಮ ಹತ್ತು ಮಾತಿಗಿಂತ ಮೇಲು.

ಟಿಬೆಟಿಯನ್ನರ ವೈದ್ಯಪದ್ಧತಿ ಸೋವಾ ರಿಗ್ಪಾವನ್ನು 2010ರಲ್ಲಿ ಭಾರತ ಸರ್ಕಾರ ಮಾನ್ಯ ಮಾಡಿದೆ. ಬೊಜ್ಜನ್ನು ಅವರು ಬೇಕೆನ್, ಅಂದರೆ ನಮ್ಮ ಕಫದಂಥ ದೋಷ ಅನ್ನುತ್ತಾರೆ. ಬಿಸಿನೀರು ಕುಡಿ, ಹಗುರ ತಿನ್ನು, ಓಡಾಡು ಅಂತ ಅವರ ಅಮ್ಚಿ (ವೈದ್ಯರು) ಹೇಳಿದ್ದರೆ ನಮಗೇನು ಜಗಳ? ಗುಳಿಗೆಯ ಪೊಟ್ಟಣ ತರಲು ಹೇಳಿ, ಹೆಸರು ಬರೆದುಕೊಳ್ಳಿ. ನಮ್ಮ ಮಾತ್ರೆ ನಿಲ್ಲಿಸಿದ್ದಾರಾ ಅಂತ ಕೇಳುವುದು ಮುಖ್ಯ.

ತೂಕ ಹೆಚ್ಚಿಸುವುದು ನಮ್ಮದೇ ಔಷಧಿ ಕೂಡ ಆಗಿರಬಹುದು. ಇನ್ಸುಲಿನ್, ಸ್ಟೀರಾಯ್ಡ್, ಕೆಲವು ಮಾನಸಿಕ ಕಾಯಿಲೆಯ ಮಾತ್ರೆಗಳು, ಮೂರು ತಿಂಗಳಿಗೊಮ್ಮೆ ಹಾಕುವ ಗರ್ಭನಿರೋಧಕ ಅಂತರಾ ಇಂಜೆಕ್ಷನ್. ಥೈರಾಯ್ಡ್ ನೋಡಿಸಿ. ಜೋರು ಗೊರಕೆ, ಹಗಲು ತೂಕಡಿಕೆ ಇರುವ ಡ್ರೈವರನ್ನು ತಡಮಾಡದೆ ಮಡಿಕೇರಿಗೆ ಕಳಿಸಿ. ಶುಗರ್ ಜೊತೆಗೆ ಬಿಎಂಐ 32.5 ದಾಟಿದವರಿಗೆ ತೂಕ ಇಳಿಸುವ ಆಪರೇಷನ್ ದಾರಿಯೂ ಇದೆ ಅಂತ ತಿಳಿಸುವುದು ನಮ್ಮ ಕೆಲಸ. ಬಡವರು ಅಂತ ನಾವೇ ತೀರ್ಮಾನ ಮಾಡಿ ಬಚ್ಚಿಡಬಾರದು. ಈಚೆಗೆ ಟೊರೊಂಟೊದಲ್ಲಿರುವ ಮಗಳು ಫೋನಲ್ಲಿ ಹೇಳಿದಳು ಅಂತ ತೂಕ ಇಳಿಸುವ ಇಂಜೆಕ್ಷನ್ ಕೇಳಿಕೊಂಡು ಬರುವವರೂ ಇದ್ದಾರೆ. ಡಾಕ್ಟರ ಚೀಟಿ ಇಲ್ಲದೆ ಬೇಡ ಅಂತ ಹೇಳಿ ಕಳಿಸುತ್ತೇನೆ.

ಹೊತ್ತು, ಕಾರ್ಡು, ಊರಿನ ರೈಲು

ಕಾಫಿ ಕುಯ್ಲಿನಲ್ಲಿ ಕೆಜಿ ಲೆಕ್ಕದ ಕೂಲಿ. ಅರೇಬಿಕಾ ನವೆಂಬರಿನಿಂದ, ರೋಬಸ್ಟಾ ಮುಗಿಯುವಾಗ ಮಾರ್ಚ್. ಆಗ ಬೆಳಿಗ್ಗೆ ಹತ್ತು ಗಂಟೆಗೆ ಬನ್ನಿ ಅಂದರೆ ಅರ್ಧ ದಿನದ ದುಡ್ಡು ಕೊಟ್ಟು ಬನ್ನಿ ಅಂದ ಹಾಗೆ. ನಾವು ಸಂತೆ ದಿನ ಸಂಜೆಯವರೆಗೂ ತೆರೆದಿರುತ್ತೇವೆ. ಚೀಲ ಹಿಡಿದುಕೊಂಡೇ ಬರುತ್ತಾರೆ, ಚೀಲದಲ್ಲಿ ಏನಿದೆ ಅಂತ ನೋಡಿಯೇ ಅರ್ಧ ಮಾತು ಮುಗಿಯುತ್ತದೆ.

ಶುಗರ್, ಬಿಪಿ ಮಾತ್ರೆ ಆರೋಗ್ಯ ಕೇಂದ್ರದಲ್ಲಿ ಉಚಿತ, ಯಾವ ರಾಜ್ಯದವರಾದರೂ. 30 ದಾಟಿದವರಿಗೆ ತಪಾಸಣೆಯೂ ಹಾಗೇ. ಊರಿನ ಆಯುಷ್ಮಾನ್ ಕಾರ್ಡ್ ಇದ್ದರೆ ಆಸ್ಪತ್ರೆಗೆ ದಾಖಲಾಗುವಾಗ ಇಲ್ಲೂ ನಡೆಯುತ್ತದೆ, ಆ ಆಸ್ಪತ್ರೆ ಯೋಜನೆಯಲ್ಲಿರಬೇಕು. ಊರಿನ ರೇಷನ್ ಕಾರ್ಡಿನ ಅಕ್ಕಿಯನ್ನು ಇಲ್ಲಿ ಪಡೆಯುವ ವ್ಯವಸ್ಥೆಯೂ ಇದೆ. ಈ ಮೂರು ಮಾತು ಗೊತ್ತಿಲ್ಲದವರೇ ಜಾಸ್ತಿ.

ಊರಿಗೆ ಹೋಗುವಾಗ ಮಾತ್ರೆ ನಿಲ್ಲುತ್ತದೆ. ನಮ್ಮ ಜಿಲ್ಲೆಗೆ ರೈಲೇ ಇಲ್ಲ. ಬಸ್ಸಲ್ಲಿ ಮೈಸೂರು, ಬೆಂಗಳೂರು, ಅಲ್ಲಿಂದ ಗುವಾಹಟಿಗೆ ಎರಡು ದಿನಕ್ಕೂ ಜಾಸ್ತಿ. ಹೊರಡುವ ಮೊದಲು ಡಾಕ್ಟರ ಹತ್ತಿರ ಬರೆಸಿ ಎರಡು ತಿಂಗಳ ಮಾತ್ರೆ ಕಟ್ಟಿಕೊಡಿ. ಒಂದು ದಪ್ಪ ಕಾರ್ಡಿನಲ್ಲಿ ತೂಕ, ಸುತ್ತಳತೆ, ಬಿಪಿ, ಶುಗರ್, ಔಷಧಿಯ ಮೂಲ ಹೆಸರು, ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಪ್ಲಾಸ್ಟಿಕ್ ಕವರಿಗೆ ಹಾಕಿ. ಕೆಳಗೆ ಅಲ್ಲಿನ ನರ್ಸ್ ಬರೆಯಲು ನಾಲ್ಕು ಖಾಲಿ ಸಾಲು ಬಿಡಿ.

ಟಿಬಿಯ ಭಯ ಹೇಳಿದ್ದಳಲ್ಲ, ಆ ಜಾರ್ಖಂಡಿನವಳು, ಕಳೆದ ವರ್ಷ ಕರಮ್ ಹಬ್ಬಕ್ಕೆ ಹೋಗಿ ಎರಡು ತಿಂಗಳ ಮೇಲೆ ವಾಪಸು ಬಂದಳು. ಕಾರ್ಡಿನ ಖಾಲಿ ಸಾಲಿನಲ್ಲಿ ಅಲ್ಲಿನ ನರ್ಸ್ ಹಿಂದಿಯಲ್ಲಿ ಬರೆದಿದ್ದರು, ಬಿಪಿ ಹತೋಟಿಯಲ್ಲಿದೆ ಅಂತ. ತೂಕ ಎರಡು ಕೆಜಿ ಜಾಸ್ತಿ. ‘ಅಮ್ಮ ಬಿಡಲಿಲ್ಲ ದೀದಿ’ ಅಂದಳು. ಅದನ್ನೂ ಕಾರ್ಡಿನಲ್ಲಿ ಬರೆದೆ. ಆಮೇಲೆ ಚೀಲ ತೆರೆದು ತೋರಿಸಿದಳು, ಊರಿಂದ ತಂದ ಒಣಗಿಸಿದ ಸೊಪ್ಪು, ಹೆಸರು ನನಗೆ ಬಾಯಿಗೆ ಬರಲಿಲ್ಲ. ಹೇಗೆ ಬೇಯಿಸುವುದು ಅಂತ ಹೇಳಿಸಿಕೊಂಡು ನನ್ನ ಪುಸ್ತಕದಲ್ಲಿ ಬರೆದುಕೊಂಡೆ. ಎಣ್ಣೆ ಎಷ್ಟು ಅಂತಲೂ ಕೇಳಿದೆ. ‘ಎರಡು ಚಮಚ’ ಅಂದು ನನ್ನ ಮುಖ ನೋಡಿ ‘ಒಂದೂವರೆ’ ಅಂದಳು.